ದಿನ ಮಾರುವ ವ್ಯಾಪಾರ: ಹುಬ್ಬಳ್ಳಿಯ ಪುಟ್ಟ ಸಲಹಾ ಸಂಸ್ಥೆಯ ಒಳಲೆಕ್ಕ

"ನಿಮ್ಮಲ್ಲಿ ಏನು ತಯಾರಾಗುತ್ತದೆ?" ಹುಬ್ಬಳ್ಳಿಯಲ್ಲಿ ಹೊಸ ನೌಕರಿಯ ಸುದ್ದಿ ಹೇಳಿದವರಿಗೆ ಹಿರಿಯರಿಂದ ಬರುವ ಮೊದಲ ಪ್ರಶ್ನೆ ಇದು. ವ್ಯಾಪಾರದ ಊರಿಗೆ ತಕ್ಕ ಪ್ರಶ್ನೆಯೇ. ಗೋಕುಲ ರಸ್ತೆಯಲ್ಲಿ ವಾಲ್ವ್‌ಗಳು ತಯಾರಾಗುತ್ತವೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ ಬಸ್ಸುಗಳು ಹೊರಬರುತ್ತವೆ, ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ, ಕಾಳುಕಡಿ ಮಾರಾಟವಾಗುತ್ತವೆ. ವಿದ್ಯಾನಗರದ ಯಾವುದೋ ಕಟ್ಟಡದ ಎರಡನೆಯ ಮಹಡಿಯಲ್ಲಿ ಆರು ಜನ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕುಳಿತು ಕಾರ್ಖಾನೆ, ವ್ಯಾಪಾರದವರಿಗೆ ಸಲಹೆ ಕೊಡುವ ಸಂಸ್ಥೆಯಲ್ಲಿ ಏನು ತಯಾರಾಗುತ್ತದೆ? "ವರದಿ" ಎಂದು ಉತ್ತರಿಸಿದರೆ ಕೇಳಿದವರ ಮುಖದಲ್ಲಿ ಮರುಕ ಮೂಡುತ್ತದೆ.

ಸರಿಯಾದ ಉತ್ತರ ಬೇರೆ ಇದೆ. ಅಲ್ಲಿ ದಿನಗಳು ಮಾರಾಟವಾಗುತ್ತವೆ. ಒಬ್ಬ ಮನುಷ್ಯನ ಒಂದು ದಿನದ ಗಮನ, ಇಷ್ಟು ರೂಪಾಯಿಗೆ. ವರದಿ, ಸಭೆ, ತರಬೇತಿ, ಎಕ್ಸೆಲ್ ಹಾಳೆ ಎಲ್ಲವೂ ಆ ದಿನಗಳ ಹೊದಿಕೆ. ಇದನ್ನು ಅರ್ಥ ಮಾಡಿಕೊಂಡವರಿಗೆ ಇಂಥ ಸಂಸ್ಥೆಯಲ್ಲಿ ಸಂಬಳ ಏಕೆ ತಡವಾಗುತ್ತದೆ, ಎರಡೇ ತಿಂಗಳ ಹಿಂದೆ ಸೇರಿದ ಹುಡುಗನನ್ನು ಏಕೆ ಒಬ್ಬನೇ ಕಾರ್ಖಾನೆಗೆ ಕಳುಹಿಸುತ್ತಾರೆ, ಸಂಸ್ಥಾಪಕರು ಒಂದು ವಾರ ನಗುತ್ತಾ ಮರುವಾರ ಏಕೆ ಸಿಡುಕುತ್ತಾರೆ ಎಂಬುದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎಂಜಿನಿಯರಿಂಗ್ ಅಥವಾ ಎಂಬಿಎ ಮುಗಿಸಿ, ಬೆಂಗಳೂರಿಗೆ ಹೋಗುವ ಬದಲು ಊರಲ್ಲೇ ಇಂಥ ಒಂದು ಸಂಸ್ಥೆ ಸೇರಲು ಯೋಚಿಸುತ್ತಿರುವವರಿಗಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ. ಇಂಥದೇ ಒಂದು ಕಚೇರಿಯಲ್ಲಿ ನಾನೂ ಕೆಲಸ ಮಾಡುತ್ತೇನೆ. ಹಾಗಾಗಿ ಹೊಗಳಿಕೆ ಬೇಕಿದ್ದವರು ಬೇರೆ ಕಡೆ ಹುಡುಕಬೇಕು.

ವರ್ಷಕ್ಕೆ ಮಾರಲು ಎಷ್ಟು ದಿನ?

ವರ್ಷದ 365 ದಿನಗಳಲ್ಲಿ 52 ಭಾನುವಾರ ಹೋಯಿತು. ಎರಡನೆಯ, ನಾಲ್ಕನೆಯ ಶನಿವಾರಗಳು 24. ಹಬ್ಬದ ರಜೆ 15, ಸ್ವಂತ ರಜೆ 18 ಎಂದು ಹಿಡಿಯೋಣ. ಉಳಿಯುವುದು 256 ದಿನ. ಇವೆಲ್ಲವೂ ಮಾರಾಟವಾಗುವ ದಿನಗಳಲ್ಲ. ಹೊಸ ಗ್ರಾಹಕರ ಮನೆಬಾಗಿಲಿಗೆ ಹೋಗಿ ಪುಕ್ಕಟೆ ಮಾತನಾಡುವ ದಿನಗಳಿವೆ. ಪ್ರಪೋಸಲ್ ಬರೆಯುವ ದಿನಗಳಿವೆ. ಯಜಮಾನರು ಬರುತ್ತಾರೆಂದು ಸ್ವಾಗತ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಕಾಯ್ದು ಮರಳಿ ಬರುವ ದಿನಗಳೂ ಇವೆ. ಇವನ್ನೆಲ್ಲ ಕಳೆದರೆ ಬಿಲ್ ಆಗುವ ದಿನಗಳು 160 ಸಿಕ್ಕರೆ ಚೆನ್ನಾಗಿಯೇ ನಡೆದಿದೆ ಎನ್ನಬಹುದು. ನೂರಕ್ಕೆ ಅರವತ್ತೆರಡರ ಆಸುಪಾಸು.

ಈಗ ಒಬ್ಬ ಕಿರಿಯ ಸಲಹೆಗಾರನ ಸಂಬಳ ತಿಂಗಳಿಗೆ 35,000 ರೂಪಾಯಿ, ಅವನ ಒಂದು ದಿನವನ್ನು ಸಂಸ್ಥೆ 6,000 ರೂಪಾಯಿಗೆ ಮಾರುತ್ತದೆ ಎಂದು ಭಾವಿಸಿ. ವರ್ಷದ ಸಂಬಳ 4,20,000. ಅವನ ದಿನಗಳಿಂದ ಬರುವ ಆದಾಯ 9,60,000. ಇದನ್ನು ಕಂಡ ಕೂಡಲೇ ಹುಡುಗರು, "ನಮ್ಮ ಬೆವರಿನಿಂದ ದುಪ್ಪಟ್ಟು ದುಡಿಯುತ್ತಾರೆ" ಎಂದು ಗೊಣಗುವುದುಂಟು. ಉಳಿದ 5,40,000ದಲ್ಲಿ ಬಾಡಿಗೆ, ವಿದ್ಯುತ್, ಲ್ಯಾಪ್‌ಟಾಪ್, ಓಡಾಟ, ಲೆಕ್ಕಪರಿಶೋಧಕರ ಶುಲ್ಕ, ಕಚೇರಿ ನೋಡಿಕೊಳ್ಳುವವರ ಸಂಬಳ, ಕೊನೆಗೆ ಸಂಸ್ಥಾಪಕರ ಮನೆಯ ಖರ್ಚು ಎಲ್ಲವೂ ನಡೆಯಬೇಕು. ಈ ವೃತ್ತಿಯಲ್ಲಿ ಬಹುಕಾಲದಿಂದ ಬಂದಿರುವ ಒಂದು ಅಂದಾಜಿನ ಸೂತ್ರವಿದೆ: ಆದಾಯದ ಮೂರನೆಯ ಒಂದು ಪಾಲು ಸಂಬಳಕ್ಕೆ, ಒಂದು ಪಾಲು ಕಚೇರಿ ಖರ್ಚಿಗೆ, ಒಂದು ಪಾಲು ಲಾಭಕ್ಕೆ. ಮೇಲಿನ ಉದಾಹರಣೆಯ ಸಂಸ್ಥೆ ಆ ಸೂತ್ರವನ್ನೂ ಮುಟ್ಟಿಲ್ಲ.

ಅದೇ ವರ್ಷ 160ರ ಬದಲು 110 ದಿನಗಳಷ್ಟೇ ಮಾರಾಟವಾದರೆ? ಆದಾಯ 6,60,000ಕ್ಕೆ ಇಳಿಯುತ್ತದೆ. ಸಂಬಳ ಇಳಿಯುವುದಿಲ್ಲ, ಬಾಡಿಗೆಯೂ ಇಳಿಯುವುದಿಲ್ಲ. ಕೈಯಲ್ಲಿ ಉಳಿಯುವುದು 2,40,000. ಮಾರಾಟ ಮೂರನೆಯ ಒಂದು ಭಾಗದಷ್ಟು ಕಡಿಮೆಯಾದರೆ ಉಳಿಕೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಸಂಸ್ಥಾಪಕರ ಸಿಡುಕಿನ ಮೂಲ ಬಹುಪಾಲು ಇಲ್ಲಿದೆ. ಗೋದಾಮಿನ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ಮಾರಾಟವಾಗದ ದಿನ ಮಾತ್ರ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಖಾಲಿ ಆಸನದ ಹಾಗೆ. ಬಸ್ಸು ನಿಲ್ದಾಣ ಬಿಟ್ಟ ಮೇಲೆ ಅದಕ್ಕೆ ಬೆಲೆಯಿಲ್ಲ.

ದೊಡ್ಡ ಸಂಸ್ಥೆಗಳು ಈ ಅಪಾಯವನ್ನು ಸಂಖ್ಯೆಯಿಂದ ನಿಭಾಯಿಸುತ್ತವೆ. ಬಾಸ್ಟನ್‌ನಲ್ಲಿ 1886ರಲ್ಲಿ ಆರಂಭವಾದ ಆರ್ಥರ್ ಡಿ. ಲಿಟಲ್, ಷಿಕಾಗೋದಲ್ಲಿ 1926ರಲ್ಲಿ ಒಬ್ಬ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರು ಕಟ್ಟಿದ ಮೆಕಿನ್ಸಿ, 1963ರಲ್ಲಿ ಒಂದು ಬ್ಯಾಂಕಿನ ಅಂಗವಾಗಿ ಹುಟ್ಟಿದ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಲ್ಲವೂ ಬೆರಳೆಣಿಕೆಯ ಜನರಿಂದಲೇ ಶುರುವಾದವು. ಬೆಳೆದ ಮೇಲೆ ಅವುಗಳ ರಚನೆ ಪಿರಮಿಡ್ ಆಯಿತು. ಮೇಲೆ ಕೆಲಸ ತರುವ ಕೆಲವೇ ಪಾಲುದಾರರು, ಕೆಳಗೆ ಕೆಲಸ ಮಾಡುವ ನೂರಾರು ಕಿರಿಯರು. ಒಂದು ಯೋಜನೆ ನಿಂತರೆ ಇನ್ನೊಂದಕ್ಕೆ ಜನರನ್ನು ಹಾಕಬಹುದು.

ಹುಬ್ಬಳ್ಳಿಯ ಆರು ಜನರ ಕಚೇರಿಯಲ್ಲಿ ಪಿರಮಿಡ್ ಇರುವುದಿಲ್ಲ. ಇಬ್ಬರು ಸಂಸ್ಥಾಪಕರು, ಮೂವರು ಕಿರಿಯರು, ಕಚೇರಿ ನೋಡಿಕೊಳ್ಳುವವರು ಒಬ್ಬರು. ಕೆಲಸ ತರಬೇಕಾದವರೂ ಸಂಸ್ಥಾಪಕರೇ, ಕೆಲಸ ಮಾಡಬೇಕಾದವರೂ ಅವರೇ. ತಾರಿಹಾಳದ ಕಾರ್ಖಾನೆಯೊಂದರ ಕೆಲಸದಲ್ಲಿ ಮೂರು ತಿಂಗಳು ಮುಳುಗಿದರೆ ಹೊಸ ಗ್ರಾಹಕರನ್ನು ಹುಡುಕಲು ಯಾರೂ ಹೋಗಿರುವುದಿಲ್ಲ. ಯೋಜನೆ ಮುಗಿದ ಮರುದಿನ ಕಚೇರಿ ಖಾಲಿ. ಆಗ ಗಾಬರಿಯಿಂದ ಸಿಕ್ಕ ಸಿಕ್ಕ ಕೆಲಸ ಒಪ್ಪಿಕೊಳ್ಳುತ್ತಾರೆ, ಅವೆಲ್ಲ ಒಟ್ಟಿಗೇ ಬಂದು ಮೈಮೇಲೆ ಬೀಳುತ್ತವೆ, ಮತ್ತೆ ಹುಡುಕುವವರಿಲ್ಲ. ಒಮ್ಮೆ ಸುಗ್ಗಿ, ಒಮ್ಮೆ ಬರ. ಈ ಚಕ್ರವನ್ನು ಮುರಿದಿರುವ ಸಣ್ಣ ಸಂಸ್ಥೆಗಳು ಇವೆ. ಅಲ್ಲೆಲ್ಲ ಒಬ್ಬ ಸಂಸ್ಥಾಪಕರು ಕೆಲಸ ಎಷ್ಟೇ ಇರಲಿ ವಾರದಲ್ಲಿ ಒಂದು ದಿನ ಹೊಸ ಗ್ರಾಹಕರಿಗೆಂದೇ ಮೀಸಲಿಟ್ಟಿರುತ್ತಾರೆ.

ಬಿಲ್ ಆಯಿತು, ಹಣ ಎಲ್ಲಿ?

ಕೆಲಸ ಇದ್ದರೆ ಸಂಬಳ ಸುರಕ್ಷಿತ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರಿಗೆ ಗೊತ್ತು, ಕೆಲಸಕ್ಕೂ ಹಣಕ್ಕೂ ನಡುವೆ ದೊಡ್ಡ ಹಳ್ಳವಿದೆ. ಒಂದು ಬಿಲ್ಲಿನ ಜೊತೆ ನಡೆದುಕೊಂಡು ಹೋದರೆ ಅದು ಕಾಣುತ್ತದೆ.

ಆಗಸ್ಟ್ 28ರಂದು ಸಂಸ್ಥೆ ಒಬ್ಬ ಗ್ರಾಹಕರಿಗೆ 3,00,000 ರೂಪಾಯಿಯ ಬಿಲ್ ಕಳುಹಿಸುತ್ತದೆ. ಸಲಹಾ ಸೇವೆಗೆ ಜಿಎಸ್‌ಟಿ ಶೇ. 18, ಅಂದರೆ 54,000. ಒಟ್ಟು 3,54,000. ಆ 54,000 ಸಂಸ್ಥೆಯದಲ್ಲ, ಸರ್ಕಾರದ್ದು. ಕಟ್ಟುವ ದಿನ ಮಾತ್ರ ಗ್ರಾಹಕರು ಹಣ ಕೊಟ್ಟ ದಿನದ ಮೇಲೆ ನಿಂತಿಲ್ಲ, ಬಿಲ್ಲಿನ ದಿನಾಂಕದ ಮೇಲೆ ನಿಂತಿದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಚಿಕ್ಕ ಸಂಸ್ಥೆಗಳಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸೌಲಭ್ಯವಿದ್ದರೂ ತೆರಿಗೆಯನ್ನು ತಿಂಗಳು ತಿಂಗಳೂ ಕಟ್ಟುತ್ತಿರಬೇಕು. ಗ್ರಾಹಕರೋ, "ದೀಪಾವಳಿ ಆಗಲಿ, ನೋಡೋಣ" ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಸಂಸ್ಥೆ ಕಾಣದ ಹಣದ ಮೇಲೆ ತೆರಿಗೆ ಕಟ್ಟಿ ಕುಳಿತಿರುತ್ತದೆ.

ಕಾರ್ಖಾನೆ ನಡೆಸುವವರಿಗೂ ಜಿಎಸ್‌ಟಿ ಇದೆಯಲ್ಲ ಎಂದು ಕೇಳಬಹುದು. ಅವರು ಕಬ್ಬಿಣ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಿಂದ ಕಳೆದುಕೊಳ್ಳುತ್ತಾರೆ. ಸಲಹಾ ಸಂಸ್ಥೆಯ ಕಚ್ಚಾವಸ್ತು ಮನುಷ್ಯರು. ಸಂಬಳದ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಹೆಚ್ಚುಕಡಿಮೆ ಪೂರ್ತಿ 54,000ವನ್ನೂ ನಗದಾಗಿಯೇ ಕಟ್ಟಬೇಕು. ಇದಕ್ಕೇ ಅನೇಕರು ಮೊದಲು ಪ್ರೊಫಾರ್ಮಾ ಬಿಲ್, ಅಂದರೆ ತೆರಿಗೆ ಲೆಕ್ಕಕ್ಕೆ ಬಾರದ ಕರಡು ಬಿಲ್ ಕಳುಹಿಸಿ, ಹಣ ಬಂದ ಮೇಲೆ ತೆರಿಗೆ ಬಿಲ್ ಮಾಡುವ ಉಪಾಯ ಹೂಡುತ್ತಾರೆ. ಅದಕ್ಕೂ ಮಿತಿ ಇದೆ: ಸೇವೆ ಮುಗಿದ 30 ದಿನಗಳೊಳಗೆ ತೆರಿಗೆ ಬಿಲ್ ಮಾಡಲೇಬೇಕು.

ನವೆಂಬರಿನಲ್ಲಿ ಕೊನೆಗೂ ಹಣ ಬಂತು ಎನ್ನೋಣ. 3,54,000 ಬರುವುದಿಲ್ಲ. ವೃತ್ತಿಪರ ಶುಲ್ಕವೆಂದು ಗ್ರಾಹಕರು ಶೇ. 10ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. ಮೂಲ ಶುಲ್ಕದ ಮೇಲೆ 30,000. ಇದು ವೃತ್ತಿಪರ ಸೇವೆಯೋ, ಶೇ. 2 ಸಾಕೆನ್ನುವ ತಾಂತ್ರಿಕ ಸೇವೆಯೋ ಎಂಬ ಚರ್ಚೆ ಬೇರೆ ಇದೆ. ಗ್ರಾಹಕರ ಅಕೌಂಟೆಂಟ್ ಅಂಜುಬುರುಕನಾಗಿದ್ದರೆ ಹತ್ತೇ ಗತಿ. ಆ ಹಣ ಕಳೆದುಹೋಗುವುದಿಲ್ಲ, ಸಂಸ್ಥೆಯ ತೆರಿಗೆ ಖಾತೆಗೆ ಜಮಾ ಆಗುತ್ತದೆ, ಹೆಚ್ಚಾಗಿದ್ದರೆ ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ. ಆದರೆ ಈ ತಿಂಗಳ ಸಂಬಳಕ್ಕೆ ಅದು ಒದಗುವುದಿಲ್ಲ. ಬ್ಯಾಂಕಿಗೆ ಬಂದದ್ದು 3,24,000. ಅದರಲ್ಲಿ ಮೊದಲೇ ಕಟ್ಟಿದ ಜಿಎಸ್‌ಟಿಯನ್ನು ಕಳೆದರೆ ಕೆಲಸದ ಕೈಫಲ 2,70,000. ಆಗಸ್ಟಿನ ಕೆಲಸಕ್ಕೆ ನವೆಂಬರಿನಲ್ಲಿ. ನಡುವಿನ ಮೂರು ತಿಂಗಳ ಸಂಬಳ ಸಂಸ್ಥಾಪಕರ ಉಳಿತಾಯದಿಂದಲೋ, ಬ್ಯಾಂಕಿನ ಓವರ್‌ಡ್ರಾಫ್ಟಿನಿಂದಲೋ, ಹೆಂಡತಿಯ ಬಂಗಾರದ ಮೇಲಿನ ಸಾಲದಿಂದಲೋ ಹೊಂದಿಕೆಯಾಗಿರುತ್ತದೆ.

ಕಾನೂನು ಸಂಸ್ಥೆಯ ಪರವಾಗಿಯೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಪೋರ್ಟಲ್ ಇದೆ, ವಿಚಾರಣೆಗೆ ಮಂಡಳಿ ಇದೆ. ಆದರೆ ಇಂದಿನ ಗ್ರಾಹಕರ ಸೋದರಳಿಯನ ಕಾರ್ಖಾನೆಯೇ ನಾಳಿನ ಗ್ರಾಹಕ ಆಗಬಹುದಾದ ಊರಲ್ಲಿ ದೂರು ಕೊಟ್ಟವನ ಹೆಸರು ಸಂಜೆಯೊಳಗೆ ಎಲ್ಲ ಕೈಗಾರಿಕಾ ಎಸ್ಟೇಟುಗಳನ್ನೂ ಸುತ್ತಿ ಬಂದಿರುತ್ತದೆ. ಹೀಗಾಗಿ ಚಕ್ರಬಡ್ಡಿ ಕಾಗದದಲ್ಲೇ ಉಳಿಯುತ್ತದೆ. ಸ್ವಲ್ಪ ಪರಿಣಾಮ ಬೀರಿದ್ದು ಇನ್ನೊಂದು ನಿಯಮ: 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಆ ಅವಧಿಯೊಳಗೆ ಹಣ ಕೊಡದವರು ಅದನ್ನು ನಿಜವಾಗಿ ಕೊಡುವವರೆಗೆ ತಮ್ಮ ಖರ್ಚೆಂದು ತೋರಿಸುವಂತಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಗ್ರಾಹಕರ ಲೆಕ್ಕಪರಿಶೋಧಕರೇ ನಮ್ಮ ಪರವಾಗಿ ಫೋನ್ ಮಾಡುವ ವಿಚಿತ್ರವನ್ನು ಕಾಣಬೇಕಿದ್ದರೆ ಸಲಹಾ ಸಂಸ್ಥೆ ಸೇರಿ.

ಸಂದರ್ಶನಕ್ಕೆ ಹೋದವರು ಸಂಬಳದ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಹಣ ಕೊಡುತ್ತಿರುವ ಗ್ರಾಹಕರು ಎಷ್ಟು? ಅರ್ಧಕ್ಕಿಂತ ಹೆಚ್ಚು ಆದಾಯ ಒಬ್ಬರಿಂದಲೇ ಬರುತ್ತಿದೆಯೇ? ಕೆಲಸ ಶುರುವಾಗುವ ಮೊದಲು ಅಡ್ವಾನ್ಸ್ ಪಡೆಯುವ ರೂಢಿ ಇದೆಯೇ? ಕಳೆದ ವರ್ಷ ಸಂಬಳ ಎಂದಾದರೂ ತಡವಾಗಿತ್ತೇ? ಇವನ್ನು ಕೇಳಿದ ಹುಡುಗನನ್ನು ಒಳ್ಳೆಯ ಸಂಸ್ಥಾಪಕರು ಅಧಿಕಪ್ರಸಂಗಿ ಎಂದುಕೊಳ್ಳುವುದಿಲ್ಲ. ಇವನಿಗೆ ವ್ಯಾಪಾರ ಅರ್ಥವಾಗುತ್ತದೆ ಎಂದುಕೊಳ್ಳುತ್ತಾರೆ.

ಗಡಿಯಾರ ಜೇಬಿಗೆ

ಇಷ್ಟೆಲ್ಲ ಇಕ್ಕಟ್ಟಿದ್ದರೂ ಜನ ಏಕೆ ಸೇರುತ್ತಾರೆ ಎಂಬುದು ಕಾರ್ಖಾನೆಯ ಒಳಗೆ ಹೋದರೆ ತಿಳಿಯುತ್ತದೆ.

ನಾನು ಕಂಡ ಒಂದು ವಾಲ್ವ್ ಘಟಕದ ಯಜಮಾನರ ತಕರಾರು ಸರಳವಾಗಿತ್ತು. ಆರ್ಡರ್ ಕೈತುಂಬ ಇದೆ, ಮಾಲು ಸಮಯಕ್ಕೆ ಹೋಗುತ್ತಿಲ್ಲ, ಕಂಪ್ಯೂಟರ್ ನಡೆಸುವ ಇನ್ನೊಂದು ಸಿಎನ್‌ಸಿ ಯಂತ್ರ ಕೊಳ್ಳಬೇಕೆಂದಿದ್ದೇನೆ, ಎಷ್ಟು ಸಾಲ ಮಾಡಬಹುದು ಹೇಳಿ. ನಮ್ಮ ಕಡೆಯಿಂದ ಹೋದವಳು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ ಹುಡುಗಿ. ಮೊದಲ ದಿನ ಅವಳು ಯಂತ್ರದ ಪಕ್ಕ ಸಮಯ ಅಳೆಯುವ ಗಡಿಯಾರ ಹಿಡಿದು ನಿಂತಾಗ ಕೆಲಸಗಾರರು ಮಾತು ನಿಲ್ಲಿಸಿದರು. ಗಡಿಯಾರ ಬಂತೆಂದರೆ ಆಳು ಕಡಿತ ಬಂತು ಎಂಬುದು ಎಲ್ಲ ಕಾರ್ಖಾನೆಗಳ ಅನುಭವ. ಲೇತ್ ನಡೆಸುತ್ತಿದ್ದ ಹಿರಿಯರೊಬ್ಬರು, "ತಂಗಿ, ಇದನ್ನು ಮೊದಲು ಒಳಗಿಡು, ಚಹಾ ಕುಡಿ" ಎಂದರು. ಅವಳು ಜೇಬಿಗೆ ಹಾಕಿದಳು. ಅಂದು ಅಳತೆಯಾಗಲಿಲ್ಲ, ಚಹಾ ಮಾತ್ರ ಆಯಿತು. ಬಿಲ್ಲಿನ ಭಾಷೆಯಲ್ಲಿ ಅದು ವ್ಯರ್ಥವಾದ ದಿನ.

ಮರುದಿನದಿಂದ ಆ ಹಿರಿಯರೇ ಹೇಳತೊಡಗಿದರು. "ಯಂತ್ರ ನಿಧಾನವಿಲ್ಲ ತಂಗಿ, ಯಂತ್ರ ಕಾಯುತ್ತದೆ." ಫೌಂಡ್ರಿಯಿಂದ ಬಂದ ಕಾಸ್ಟಿಂಗ್ ಎತ್ತಿಡಲು ಕ್ರೇನ್ ಬೇಕು, ಕ್ರೇನ್ ಒಂದೇ, ಅದು ಲಾರಿ ತುಂಬಲು ಹೋಗಿರುತ್ತದೆ. ಒಂದು ಅಳತೆಯ ವಾಲ್ವ್ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಸೆಟ್ಟಿಂಗ್ ಬದಲಿಸಬೇಕು; ಅದಕ್ಕೆ ಬೇಕಾದ ಉಪಕರಣ ಸ್ಟೋರಿನಲ್ಲಿ, ಸ್ಟೋರಿನ ಕೀಲಿ ಸೂಪರ್‌ವೈಸರ್ ಬಳಿ. ಎಲ್ಲ ಮುಗಿದ ವಾಲ್ವ್‌ಗಳಲ್ಲಿ ನೀರು ತುಂಬಿಸಿ ಒತ್ತಡ ಹಾಕಿ ಸೋರಿಕೆ ನೋಡುವ ಹೈಡ್ರೋ ಟೆಸ್ಟಿಗೆ ಇರುವುದು ಒಂದೇ ಬೆಂಚ್. ಆ ಬೆಂಚ್ ನಡೆಸುವವರೇ ಡಿಸ್ಪ್ಯಾಚ್ ಕಾಗದಪತ್ರಗಳನ್ನೂ ಬರೆಯುತ್ತಾರೆ. ಮಧ್ಯಾಹ್ನ ಎರಡರ ನಂತರ ಅವರು ಮೇಜಿನ ಮುಂದೆ, ವಾಲ್ವ್‌ಗಳು ಬೆಂಚಿನ ಮುಂದೆ ಸಾಲಾಗಿ. ಹುಡುಗಿ ಆ ಸಾಲನ್ನು ದಿನಕ್ಕೆ ನಾಲ್ಕು ಬಾರಿ ಎಣಿಸಿ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟಳು. ವಾರದ ಕೊನೆಗೆ ಆ ಹಾಳೆಯನ್ನು ಯಜಮಾನರ ಮೇಜಿನ ಮೇಲಿಟ್ಟಾಗ ಯಂತ್ರದ ಮಾತು ಅಲ್ಲಿಗೇ ನಿಂತಿತು. ಕಾಗದ ಬರೆಯಲು ಒಬ್ಬ ಗುಮಾಸ್ತರು ಬಂದರು, ಇನ್ನೊಂದು ಟೆಸ್ಟ್ ಬೆಂಚ್‌ಗೆ ಆರ್ಡರ್ ಹೋಯಿತು.

ಇದರಲ್ಲಿ ಬುದ್ಧಿವಂತಿಕೆ ಏನಿದೆ, ಕೆಲಸಗಾರರಿಗೆ ಗೊತ್ತೇ ಇತ್ತಲ್ಲ ಎಂದು ಕೇಳಬಹುದು. ಗೊತ್ತಿತ್ತು. ಕ್ರೇನಿನದು ಒಬ್ಬರಿಗೆ, ಕೀಲಿಯದು ಇನ್ನೊಬ್ಬರಿಗೆ, ಬೆಂಚಿನದು ಮತ್ತೊಬ್ಬರಿಗೆ ಗೊತ್ತಿತ್ತು. ಯಜಮಾನರ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದರೂ ದೂರು ಎಂದು ಕೇಳಿಸುತ್ತಿತ್ತು. ಹೊರಗಿನವರು ಅದನ್ನೇ ಕೂಡಿಸಿ ಅಂಕಿಗಳಲ್ಲಿ ಇಟ್ಟರೆ ಅದು ಸಲಹೆ. ಇಪ್ಪತ್ಮೂರರ ಹುಡುಗಿ ಅರವತ್ತರ ಯಜಮಾನರಿಗೆ ಕಲಿಸುವುದೇನಿದೆ ಎಂಬ ಮುಜುಗರಕ್ಕೂ ಇದೇ ಉತ್ತರ. ಅವಳು ಕಲಿಸಲು ಹೋಗಿರುವುದಿಲ್ಲ, ಎಣಿಸಲು ಹೋಗಿರುತ್ತಾಳೆ.

ದೊಡ್ಡ ಸಂಸ್ಥೆ ಸೇರಿದವರಿಗೆ ಇಂಥ ವಾರ ಸಿಗಲು ವರ್ಷಗಳೇ ಬೇಕಾಗಬಹುದು. ಇಲ್ಲಿ ಎರಡನೆಯ ತಿಂಗಳಲ್ಲೇ ಸಿಗುತ್ತದೆ, ಏಕೆಂದರೆ ಕಳುಹಿಸಲು ಬೇರೆ ಯಾರೂ ಇಲ್ಲ. ಬೇಗ ಸಿಗುವ ಅವಕಾಶವೂ ಒಬ್ಬರೇ ನಿಲ್ಲಬೇಕಾದ ಕಷ್ಟವೂ ಆ ಒಂದೇ ಕಾರಣದಿಂದ ಬರುತ್ತವೆ. ತರಬೇತಿ ವಿಭಾಗ ಇರುವುದಿಲ್ಲ. ಬರೆದದ್ದನ್ನು ತಿದ್ದುವವರು ಇಬ್ಬರೇ ಸಂಸ್ಥಾಪಕರು. ಅವರಿಗೆ ತಿಳಿದಷ್ಟೇ ನಿಮಗೂ ತಿಳಿಯುತ್ತದೆ. ಅವರು ಉತ್ಪಾದನೆಯಲ್ಲಿ ಪಳಗಿದವರಾಗಿ ಹಣಕಾಸಿನಲ್ಲಿ ಹಗುರವಾಗಿದ್ದರೆ ನಿಮ್ಮ ಹಣಕಾಸೂ ಹಗುರವಾಗಿಯೇ ಉಳಿಯುತ್ತದೆ, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಯಾವ ಸಂಸ್ಥೆ ಎನ್ನುವುದಕ್ಕಿಂತ ಯಾರ ಕೈಕೆಳಗೆ ಎಂಬುದನ್ನು ನೋಡಬೇಕು. ಅವರು ಗ್ರಾಹಕರಿಗೆ ಬರೆದ ಹಳೆಯ ವರದಿಯೊಂದನ್ನು ಹೆಸರು ಅಳಿಸಿ ತೋರಿಸಿ ಎಂದು ಕೇಳಿ. ಹತ್ತು ಪುಟ ಓದಿದರೆ ಸಾಕು.

ಶುಲ್ಕದ ಬಗೆ, ಸಲಹೆಯ ಬಗೆ

ಸಲಹೆಗೆ ಹಣ ಹೇಗೆ ಸಿಗುತ್ತದೆ ಎಂಬುದು ಸಲಹೆಯನ್ನೇ ತಿರುಚಬಲ್ಲದು. ದಿನಕ್ಕೆ ಇಷ್ಟು ಎಂದಿದ್ದರೆ ಕೆಲಸ ಎಳೆಯುವ ಆಸೆ ಹುಟ್ಟುತ್ತದೆ. ಇಡೀ ಕೆಲಸಕ್ಕೆ ಗುತ್ತಿಗೆಯಾಗಿ ಇಷ್ಟು ಎಂದಿದ್ದರೆ ಬೇಗ ಮುಗಿಸುವ ಆಸೆ. ನಮ್ಮ ಭಾಗದಲ್ಲಿ ಇದೇ ಹೆಚ್ಚು, ಏಕೆಂದರೆ ಗ್ರಾಹಕರು, "ಒಟ್ಟು ಎಷ್ಟಾಗುತ್ತದೆ, ಅದನ್ನು ಹೇಳಿ" ಎನ್ನುತ್ತಾರೆ. ತಿಂಗಳಿಗಿಷ್ಟು ಎಂಬ ರಿಟೇನರ್ ಸಂಸ್ಥೆಗೆ ನೆಮ್ಮದಿ ತರುತ್ತದೆ, ಆದರೆ ಆರು ತಿಂಗಳ ನಂತರ ಗ್ರಾಹಕರು ನಿಮ್ಮನ್ನು ತಮ್ಮ ಕಚೇರಿಯ ಹೆಚ್ಚುವರಿ ಗುಮಾಸ್ತರೆಂದು ಎಣಿಸತೊಡಗುತ್ತಾರೆ.

ಎಲ್ಲಕ್ಕಿಂತ ಜಾರುವ ದಾರಿ ಸಬ್ಸಿಡಿಯ ಮೇಲಿನ ಶೇಕಡಾವಾರು ಶುಲ್ಕ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ 2020ರ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಾಲಸಂಬಂಧಿತ ಸಹಾಯಧನ ನಿಗದಿಯಾಗಿತ್ತು. ಮೆಣಸಿನಪುಡಿ ಘಟಕ, ರೊಟ್ಟಿ ಘಟಕ, ಎಣ್ಣೆಯ ಗಾಣ ಹಾಕುವವರಿಗೆ ಇಂಥ ಯೋಜನೆಗಳಿಂದ ನಿಜವಾದ ಉಪಯೋಗವಿದೆ, ಅವರಿಗೆ ಯೋಜನಾ ವರದಿ ಬರೆದುಕೊಡುವುದು ಸಣ್ಣ ಸಲಹಾ ಸಂಸ್ಥೆಗಳ ಅನ್ನದ ಒಂದು ಭಾಗ. ಸಬ್ಸಿಡಿ ಬಂದರೆ ಅದರಲ್ಲಿ ಪಾಲು ಎಂದು ಮಾತಾದ ಕೂಡಲೇ ವರದಿಯಲ್ಲಿನ ಯಂತ್ರದ ಬೆಲೆ ಏರತೊಡಗುತ್ತದೆ, ಮಾರಾಟದ ಅಂದಾಜು ಅದರ ಬೆನ್ನ ಹಿಂದೆ ಏರುತ್ತದೆ. ಸಾಲ ತೀರಿಸಬೇಕಾದವರು ಘಟಕದವರು, ವರದಿ ಬರೆದವರು ಅಷ್ಟರಲ್ಲಿ ಬೇರೆ ಊರಿನಲ್ಲಿರುತ್ತಾರೆ. ನೀವು ಸೇರುವ ಕಚೇರಿಯ ಮುಖ್ಯ ಆದಾಯ ಇದೇ ಆಗಿದ್ದರೆ ಅದು ಸಲಹಾ ಸಂಸ್ಥೆಯಲ್ಲ, ದಲ್ಲಾಳಿ ಅಂಗಡಿ ಎಂಬುದು ನನ್ನ ಅಭಿಪ್ರಾಯ. ಮಾಡುವ ಕೆಲಸಕ್ಕೆ ನಿಗದಿತ ಶುಲ್ಕ ಪಡೆದು, ಲೆಕ್ಕ ಹೊಂದದಿದ್ದರೆ "ಈ ಘಟಕ ಬೇಡ" ಎಂದೂ ಹೇಳಬಲ್ಲವರ ಬಳಿ ಕಲಿಯಿರಿ.

ಇನ್ನು ಗ್ರಾಹಕರ ಪಂಚಾಂಗ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಜೋರಾಗಿರುವ ತಿಂಗಳುಗಳಲ್ಲಿ, ಅದರಲ್ಲೂ ಮಾರುಕಟ್ಟೆಯ ದಿನಗಳಾದ ಸೋಮವಾರ ಮತ್ತು ಗುರುವಾರ ಅಲ್ಲಿನ ವರ್ತಕರೊಂದಿಗೆ ಸಭೆ ಇಟ್ಟವರು ಹೊಸಬರೇ ಇರಬೇಕು. ಗದಗಿನ ಮುದ್ರಣಾಲಯದವರು ಲಗ್ನಪತ್ರಿಕೆಯ ಕಾಲದಲ್ಲಿ ತಲೆ ಎತ್ತುವುದಿಲ್ಲ. ಕೌಟುಂಬಿಕ ವ್ಯವಹಾರಗಳಲ್ಲಿ ಸಭೆಯಲ್ಲಿ ಮಾತನಾಡುವವರು ಮಗ, ಚೆಕ್ಕಿಗೆ ಸಹಿ ಹಾಕುವವರು ತಂದೆ, ಬೇಡ ಎನ್ನುವ ಹಕ್ಕು ಮನೆಯಲ್ಲಿರುವ ದೊಡ್ಡಪ್ಪನವರದು. ಮೂವರಿಗೂ ಬೇರೆ ಬೇರೆಯಾಗಿ ಒಂದೇ ವಿಷಯ ಹೇಳುವ ತಾಳ್ಮೆ ಬೇಕು. ವರದಿ ಎಷ್ಟೇ ಚೆಂದವಿರಲಿ, ದೊಡ್ಡಪ್ಪನವರಿಗೆ ಕನ್ನಡದ ಎರಡು ಪುಟದಲ್ಲಿ ತಿಳಿಯದಿದ್ದರೆ ಅದು ಕಪಾಟು ಸೇರುತ್ತದೆ. ಇಂಗ್ಲಿಷಿನಲ್ಲಿ ಸ್ಲೈಡ್ ಮಾಡಲು ಕಲಿತು ಬಂದವರಿಗೆ ಆ ಎರಡು ಪುಟ ಬರೆಯುವುದೇ ದೊಡ್ಡ ಪರೀಕ್ಷೆ.

ಕಾಗದಪತ್ರ

ಹೊಸ ಸಂಸ್ಥೆಗಳಲ್ಲಿ ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತದೆ, ಮನೆಯವರ ಹಾಗಿರೋಣ ಎನ್ನುತ್ತಾರೆ. ಮನೆಯವರ ಹಾಗಿದ್ದರೂ ನೇಮಕಾತಿ ಪತ್ರ ಬೇಕು. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯವಲ್ಲ. ಹತ್ತಕ್ಕಿಂತ ಕಡಿಮೆ ಇದ್ದರೆ ನೌಕರರ ವಿಮೆಯಾದ ಇಎಸ್‌ಐ, ಬಿಡುವಾಗ ಸಿಗುವ ಗ್ರಾಚ್ಯುಟಿಗಳೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆರು ಜನರ ಕಚೇರಿ ಇವನ್ನು ಕೊಡದಿರುವುದು ವಂಚನೆಯಲ್ಲ; ಕಾನೂನಿನ ಮಿತಿಯೇ ಹಾಗಿದೆ. ಬೆಂಗಳೂರಿನ ಸಂಬಳದೊಂದಿಗೆ ಹೋಲಿಸುವಾಗ ಮಾತ್ರ ಇದನ್ನು ಮರೆಯಬಾರದು. ಆರೋಗ್ಯ ವಿಮೆಯನ್ನು ನೀವೇ ಕೊಳ್ಳಬೇಕಾಗಬಹುದು, ಅದರ ಕಂತನ್ನು ಸಂಬಳದಿಂದ ಕಳೆದು ನೋಡಿ.

"ಈಗ ಸಂಬಳ ಕಡಿಮೆ, ಮುಂದೆ ಪಾಲು ಕೊಡುತ್ತೇವೆ" ಎಂಬ ಮಾತು ಬಂದರೆ ಸಂಸ್ಥೆಯ ಸ್ವರೂಪ ಕೇಳಿ. ಅನೇಕ ಸಣ್ಣ ಸಲಹಾ ಸಂಸ್ಥೆಗಳು 2008ರ ಕಾಯ್ದೆಯಡಿ ನೋಂದಾಯಿತವಾದ ಎಲ್‌ಎಲ್‌ಪಿಗಳು, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳು. ಎಲ್‌ಎಲ್‌ಪಿಯಲ್ಲಿ ಷೇರು ಎಂಬುದೇ ಇಲ್ಲ. ಪಾಲು ಕೊಡಬೇಕೆಂದರೆ ಪಾಲುದಾರಿಕೆ ಒಪ್ಪಂದ ತಿದ್ದಿ ನಿಮ್ಮನ್ನು ಪಾಲುದಾರರನ್ನಾಗಿ ಮಾಡಬೇಕು. ಹಾಗಾದ ದಿನ ನೀವು ನೌಕರರಾಗಿ ಉಳಿಯುವುದಿಲ್ಲ; ನಿಮಗೆ ಬರುವ ಸಂಭಾವನೆಯೂ ತೆರಿಗೆಯ ದೃಷ್ಟಿಯಲ್ಲಿ ಸಂಬಳವಲ್ಲ, ವ್ಯವಹಾರದ ಆದಾಯ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಷೇರು ಸಾಧ್ಯ, ಆದರೆ ಅದನ್ನು ಯಾರಿಗೆ, ಯಾವಾಗ ಮಾರಬಹುದು ಎಂಬುದು ಬರವಣಿಗೆಯಲ್ಲಿಲ್ಲದಿದ್ದರೆ ಅದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಕಾಗದ. ವರ್ಷಾಂತ್ಯದಲ್ಲಿ ವಸೂಲಾದ ಹಣದ ಮೇಲೆ ಇಷ್ಟು ಬೋನಸ್ ಎಂದು ಬರೆಸಿಕೊಳ್ಳುವುದು ಇವೆಲ್ಲಕ್ಕಿಂತ ಲೇಸು. ಬಿಲ್ ಆದ ಹಣದ ಮೇಲೆ ಎಂದು ಬೇಡ, ಅದು ಏಕೆಂಬುದು ಈಗಾಗಲೇ ಗೊತ್ತಾಗಿರಬೇಕು.

ಬಿಟ್ಟು ಹೋದ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವಂತಿಲ್ಲ ಎಂಬ ಕಲಮನ್ನು ಪತ್ರದಲ್ಲಿ ಸೇರಿಸುವವರಿದ್ದಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೆಯ ಕಲಂ ಪ್ರಕಾರ, ಯಾರನ್ನಾದರೂ ಅವರ ಕಾನೂನುಬದ್ಧ ವೃತ್ತಿಯಿಂದ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ನೌಕರಿ ಬಿಟ್ಟ ಮೇಲಿನ ಇಂಥ ನಿರ್ಬಂಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಗ್ರಾಹಕರ ಗುಟ್ಟುಗಳನ್ನು ಹೊರಗೆ ಹೇಳಬಾರದು ಎಂಬ ಕರಾರು ಬೇರೆ. ಅದು ನ್ಯಾಯವಾದದ್ದು, ಕಾರ್ಖಾನೆಗಳು ಪಕ್ಕಪಕ್ಕದಲ್ಲೇ ಇರುವ ಊರಿನಲ್ಲಂತೂ ಅದನ್ನು ಮುರಿದವರಿಗೆ ನ್ಯಾಯಾಲಯಕ್ಕಿಂತ ಮೊದಲೇ ಶಿಕ್ಷೆಯಾಗುತ್ತದೆ. ಇನ್ನು ಸೇರುವಾಗ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಠೇವಣಿ ಇಡಿ ಎಂದು ಕೇಳಿದರೆ ನಕಲು ಕೊಡಿ, ಮೂಲವನ್ನು ತೋರಿಸಿ, ಅಂದೇ ಮನೆಗೆ ತನ್ನಿ. ಒಪ್ಪದಿದ್ದರೆ ಆ ಕೆಲಸ ಬೇಡ.